ಸಿಂಗಾಪುರದಲ್ಲಿ ಎರಡು ಸಂಜೆ: ಭಾವನಿಗೆ ಬಾರ್ ಬೇಕು, ನಾನು ಕುಡಿಯುವುದಿಲ್ಲ. ಎಲ್ಲಿಗೆ ಹೋಗೋಣ?

ಬೆಣ್ಣೆದೋಸೆ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮೊದಲ ಸಲ ಸಿಂಗಾಪುರಕ್ಕೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, ಅಕ್ಕ, ಭಾವ. ಮೊದಲು ಕ್ವಾಲಾಲಂಪುರದಲ್ಲಿ ಮೂರು ದಿನ ಇದ್ದು, ಅಲ್ಲಿಂದ ಬಸ್ಸಿನಲ್ಲಿ ಸಿಂಗಾಪುರಕ್ಕೆ ಬರುತ್ತೇವೆ. ಶುಕ್ರವಾರ ಮಧ್ಯಾಹ್ನ ತಲುಪಿದರೆ ಭಾನುವಾರ ರಾತ್ರಿ ವಿಮಾನ. ಹೋಟೆಲ್ ಲಿಟಲ್ ಇಂಡಿಯಾದಲ್ಲಿ. ಅಂದರೆ ಕೈಯಲ್ಲಿರುವುದು ಎರಡೇ ಸಂಜೆ.

ಹಗಲಿನ ಪ್ಲಾನ್ ಪೂರ್ತಿ ಅಕ್ಕ ಹಾಕಿದ್ದಾಳೆ, ಅದರಲ್ಲಿ ಯಾರೂ ಬಾಯಿ ಹಾಕುವ ಹಾಗಿಲ್ಲ. ರಾತ್ರಿಯದ್ದು ನನ್ನ ತಲೆಗೆ ಕಟ್ಟಿದ್ದಾರೆ. ತೊಂದರೆ ಏನೆಂದರೆ ನಾಲ್ಕು ಜನಕ್ಕೆ ನಾಲ್ಕು ಆಸೆ. ಭಾವನಿಗೆ ಹೆಸರಿರುವ ಒಂದು ಬಾರಿನಲ್ಲಿ ಕೂತು ನಿಧಾನಕ್ಕೆ ಕುಡಿಯಬೇಕು. ನನ್ನ ಹೆಂಡತಿಗೆ ಎತ್ತರದ ಕಟ್ಟಡದ ತುದಿಯಲ್ಲಿ ನಿಂತು ಊರಿನ ದೀಪ ನೋಡಬೇಕು, ಫೋಟೊ ತೆಗೆಸಿಕೊಳ್ಳಬೇಕು. ಅಕ್ಕ ಅರ್ಧ ಗ್ಲಾಸ್ ವೈನ್ ಕುಡಿದರೆ ಜಾಸ್ತಿ, ಆದರೆ ಶುದ್ಧ ಸಸ್ಯಾಹಾರಿ, ಪಕ್ಕದ ಟೇಬಲ್ಲಿನ ಮೀನಿನ ವಾಸನೆಗೂ ಮೂಗು ಮುಚ್ಚುತ್ತಾಳೆ. ನಾನು ಕುಡಿಯುವುದಿಲ್ಲ. ಯಾರಾದರೂ ಹಾಡುತ್ತಿದ್ದರೆ ಎಷ್ಟು ಹೊತ್ತಾದರೂ ಕೂರುತ್ತೇನೆ. ಬಿಲ್ ಕೊಡುವವನು ಮಾತ್ರ ನಾನೇ, ಹಾಗಂತ ಮಾತಾಗಿಬಿಟ್ಟಿದೆ.

ಅಲ್ಲಿ ಬಾರ್ ತುಂಬಾ ದುಬಾರಿ ಅಂತ ಕೇಳಿದ್ದೇನೆ. ನಿಜವಾ? ಯಾವ ಕಡೆ ಹೋದರೆ ನಾಲ್ಕೂ ಜನಕ್ಕೆ ಸಮಾಧಾನ ಆಗಬಹುದು? ರಾತ್ರಿ ಹೆಂಗಸರ ಜೊತೆ ಓಡಾಡುವುದಕ್ಕೆ ಭಯ ಇಲ್ಲ ತಾನೆ?


ಶನಿವಾರದ ಸವಾರಿ:

ದುಬಾರಿ ಅನ್ನುವುದು ನಿಜ. ಕ್ಲಾರ್ಕ್ ಕೀ ಕಡೆ ತಲೆ ಹಾಕಬೇಡಿ, ಅದು ಬರೀ ಟೂರಿಸ್ಟುಗಳ ಜಾತ್ರೆ. ಕಿಯೊಂಗ್ ಸಾಯ್ಕ್ ರಸ್ತೆ, ಆನ್ ಸಿಯಾಂಗ್ ಹಿಲ್, ಟಂಜೊಂಗ್ ಪಗಾರ್ ಕಡೆ ಹೋಗಿ. ಆಫೀಸು ಮುಗಿಸಿದ ಊರಿನ ಜನ ಬರುವುದು ಅಲ್ಲಿಗೆ. ಕಾಕ್‌ಟೇಲ್ ಇಷ್ಟ ಇದ್ದರೆ ಟಂಜೊಂಗ್ ಪಗಾರ್‌ನ ಜಿಗರ್ ಅಂಡ್ ಪೋನಿಗೆ ಹೋಗಬಹುದು. 2020ರ ಏಷ್ಯಾದ 50 ಅತ್ಯುತ್ತಮ ಬಾರುಗಳ ಪಟ್ಟಿಯಲ್ಲಿ ಅದೇ ಮೊದಲು. ಮುಂಚೆಯೇ ಟೇಬಲ್ ಬುಕ್ ಮಾಡಿ. ಭಾವನ ಕೆಲಸ ಅಲ್ಲಿಗೆ ಮುಗಿಯಿತು.


ಪದ್ದಕ್ಕ ಪುಂಗೋಲ್:

ಸವಾರಿಯವರೇ, ಅವರೂ ಟೂರಿಸ್ಟೇ ಅಲ್ವಾ? ಜಾತ್ರೆಗೆ ಬಂದವರಿಗೆ ಜಾತ್ರೆ ನೋಡಬೇಡಿ ಅಂದರೆ ಹೇಗೆ?

ಬೆಣ್ಣೆದೋಸೆಯವರೇ, ನಾನು ಇಲ್ಲಿಗೆ ಬಂದದ್ದು 2012ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನನ್ನ ಕಡೆಯವರು, ಯಜಮಾನರ ಕಡೆಯವರು, ಯಾರ ಕಡೆಯವರು ಅಂತ ಇವತ್ತಿಗೂ ಗೊತ್ತಾಗದವರು, ಎಷ್ಟು ಜನ ನಮ್ಮ ಮನೆಗೆ ಬಂದು ಹೋಗಿದ್ದಾರೋ ಲೆಕ್ಕ ಇಟ್ಟಿಲ್ಲ. ಸಂಜೆ ಅವರನ್ನು ಊರು ಸುತ್ತಿಸುವ ಡ್ಯೂಟಿ ನನ್ನದು. ನಾನು ಕುಡಿಯುವುದು ವರ್ಷಕ್ಕೆ ಎರಡೋ ಮೂರೋ ಗ್ಲಾಸ್. ಆದರೆ ಯಾವ ಬಾರಿನಲ್ಲಿ ಯಾವ ಮೂಲೆಯ ಕುರ್ಚಿಗೆ ಏಸಿ ನೇರ ಬಡಿಯುತ್ತದೆ ಅಂತ ಕೇಳಿ, ಹೇಳುತ್ತೇನೆ.

ಮೊದಲು ಗಡಿಯಾರದ ವಿಷಯ. ಇಲ್ಲಿ ಜೇಬು ಉಳಿಯುವುದು ಬೇಗ ಕುಡಿದು ತಡವಾಗಿ ನಡೆದಾಡುವವರಿಗೆ. ನಮ್ಮವರು ತಿರುಗಾ ಮುರುಗಾ ಮಾಡುತ್ತಾರೆ. ಸಂಜೆಯೆಲ್ಲ ಮುಸ್ತಫಾ ಅನ್ನುವ ದೊಡ್ಡ ಅಂಗಡಿಯಲ್ಲಿ ಚಾಕೊಲೇಟು, ಸೆಂಟು ಅಂತ ಸುತ್ತಿ, ಊಟ ಮುಗಿಸಿ, ರಾತ್ರಿ ಹತ್ತು ಗಂಟೆಗೆ ಬಾರ್ ಹುಡುಕುತ್ತಾರೆ. ಅಷ್ಟೊತ್ತಿಗೆ ಹ್ಯಾಪಿ ಅವರ್ ಮುಗಿದಿರುತ್ತದೆ. ಹೆಚ್ಚಿನ ಬಾರುಗಳಲ್ಲಿ ಸಂಜೆ ಐದಾರು ಗಂಟೆಗೆ ಶುರುವಾಗಿ ಎಂಟರ ಆಸುಪಾಸಿಗೆ ಅದು ಮುಗಿಯುತ್ತದೆ. ಆ ಹೊತ್ತಿನಲ್ಲಿ ಒಂದಕ್ಕೆ ಒಂದು ಉಚಿತ ಅಂತ ಬೋರ್ಡ್ ಹಾಕಿರುತ್ತಾರೆ. ನೀವು ಹೋಗಬೇಕಾದದ್ದು ಆಗಲೇ.

ಆ ಉಚಿತಕ್ಕೂ ಒಂದು ಮಾತು ಕೇಳಿಟ್ಟುಕೊಳ್ಳಿ. ನದಿ ದಡದ ಒಂದು ಬಾರಿನಲ್ಲಿ, ಹೆಸರು ಬೇಡ, ನಮ್ಮ ಚಿಕ್ಕಪ್ಪ ಒಂದು ಬಿಯರ್ ಹೇಳಿದರು. ಉಚಿತದ್ದನ್ನು ಆಮೇಲೆ ತರುತ್ತಾರೆ ಅಂದುಕೊಂಡಿದ್ದೆವು. ಎರಡೂ ಪೈಂಟ್ ಒಟ್ಟಿಗೇ ತಂದಿಟ್ಟರು. ಇಲ್ಲಿಯ ಸೆಕೆಗೆ ಎರಡನೆಯದು ಅರ್ಧ ಗಂಟೆಯಲ್ಲಿ ಕಷಾಯ ಆಯಿತು. ಜೊತೆಗೆ ಯಾರೂ ಕೇಳದ ಕಡಲೆಬೀಜದ ಬಟ್ಟಲು, ಒದ್ದೆ ಟವೆಲ್ಲಿನ ಪೊಟ್ಟಣ ಬಂದವು. ಕಡಲೆಬೀಜ ತಿಂದೆವು, ಮುಖ ಒರೆಸಿಕೊಂಡೆವು. ಬಿಲ್ಲಿನಲ್ಲಿ ಎರಡಕ್ಕೂ ದುಡ್ಡು ಹಾಕಿದ್ದರು. ಅವತ್ತಿನಿಂದ ನಾನು ಕೂತ ತಕ್ಷಣ ಎರಡು ಮಾತು ಕೇಳುತ್ತೇನೆ. ಎರಡನೆಯ ಗ್ಲಾಸ್ ಆಮೇಲೆ ತರುತ್ತೀರಾ? ಈ ಬಟ್ಟಲಿಗೆ ದುಡ್ಡಿದೆಯಾ? ಯಾರೂ ತಪ್ಪು ತಿಳಿಯುವುದಿಲ್ಲ.

ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇರುತ್ತದೆ, ಅದನ್ನೂ ಓದಬೇಕು. ಒಂದು ಪ್ಲಸ್ ಶೇ 10 ಸರ್ವೀಸ್ ಚಾರ್ಜ್. ಇನ್ನೊಂದು ಜಿಎಸ್‌ಟಿ, 2024ರಿಂದ ಶೇ 9. ಎರಡನೆಯದನ್ನು ಮೊದಲನೆಯದರ ಮೇಲೂ ಹಾಕುತ್ತಾರೆ. ಮೆನುವಿನಲ್ಲಿ 20 ಡಾಲರ್ ಅಂತಿದ್ದರೆ ಕೊಡುವುದು 23 ಡಾಲರ್ 98 ಸೆಂಟ್. ಒಂದು ಡಾಲರ್‌ಗೆ ಅರವತ್ತಕ್ಕೂ ಮೇಲೆ ರೂಪಾಯಿ, ಲೆಕ್ಕ ನೀವೇ ಹಾಕಿಕೊಳ್ಳಿ. ಟಿಪ್ಸ್ ಬೇರೆ ಕೊಡಬೇಕಾಗಿಲ್ಲ, ಇಲ್ಲಿ ಆ ರೂಢಿ ಇಲ್ಲ.

ಈಗ ಶುಕ್ರವಾರ. ಹೋಟೆಲಿನಲ್ಲಿ ಬ್ಯಾಗ್ ಇಟ್ಟು ಲಿಟಲ್ ಇಂಡಿಯಾ ಸ್ಟೇಷನ್ನಿನಲ್ಲಿ ನೇರಳೆ ಲೈನಿನ ಮೆಟ್ರೊ, ಅಂದರೆ ಎಂಆರ್‌ಟಿ ಹತ್ತಿ. ಎರಡನೇ ಸ್ಟಾಪೇ ಕ್ಲಾರ್ಕ್ ಕೀ. ಕೀ ಅಂತಲೇ ಹೇಳಬೇಕು. ನಾನು ಬಂದ ಹೊಸದರಲ್ಲಿ ಟ್ಯಾಕ್ಸಿಯವನಿಗೆ ಕ್ಲಾರ್ಕ್ ಕ್ವೇ ಕ್ವೇ ಅಂತ ನಾಲ್ಕು ಸಲ ಹೇಳಿದ್ದೆ. ಆ ಮುದುಕ ಗಾಡಿ ನಿಲ್ಲಿಸಿ, ಜೇಬಿನಿಂದ ಮನೆಯ ಬೀಗದ ಕೈ ತೆಗೆದು ತೋರಿಸಿ, ಇದು ಅಂದ. ಅಲ್ಲಿಂದ ಮುಂದೆ ಮರೆತಿಲ್ಲ.

ಕ್ಲಾರ್ಕ್ ಕೀಯಲ್ಲಿ ಹಳೆಯ ಗೋದಾಮುಗಳನ್ನೇ ಬಾರು, ಹೋಟೆಲು ಮಾಡಿದ್ದಾರೆ. ಮೇಲೆ ದೊಡ್ಡ ಛತ್ರಿಗಳಂಥ ಚಾವಣಿ ಇದೆ, ಮಳೆ ಬಂದರೂ ಓಡಬೇಕಾಗಿಲ್ಲ. ಜೂಕ್ ಅನ್ನುವ ದೊಡ್ಡ ಡ್ಯಾನ್ಸ್ ಕ್ಲಬ್ ಇರುವುದೂ ಅಲ್ಲೇ. 1991ರಲ್ಲಿ ಬೇರೆ ಕಡೆ ಶುರುವಾಗಿ 2016ರ ಕೊನೆಗೆ ಇಲ್ಲಿಗೆ ಬಂತು. ನಿಮ್ಮ ನಾಲ್ವರಲ್ಲಿ ಕುಣಿಯುವವರು ಯಾರೂ ಕಾಣಲಿಲ್ಲ, ಹಾಗಾಗಿ ಅದನ್ನು ಬಿಡಿ. ಒಂದು ಗ್ಲಾಸ್ ಮುಗಿಸಿ, ನದಿ ಹರಿಯುವ ಕಡೆಗೇ ನಡೆಯಿರಿ. ಬೋಟ್ ಕೀ ಬರುತ್ತದೆ. ಕೆಳಗೆ ಎರಡು ಮೂರು ಅಂತಸ್ತಿನ ಹಳೆಯ ಅಂಗಡಿ ಸಾಲು, ಅದರ ಬೆನ್ನಿಗೇ ಬ್ಯಾಂಕುಗಳ ಗಗನಚುಂಬಿಗಳು. 1995ರಲ್ಲಿ ಬ್ರಿಟನ್ನಿನ ಬ್ಯಾರಿಂಗ್ಸ್ ಬ್ಯಾಂಕನ್ನು ಸಟ್ಟಾ ವ್ಯವಹಾರದಲ್ಲಿ ಮುಳುಗಿಸಿದ ಅದರದ್ದೇ ನೌಕರ ನಿಕ್ ಲೀಸನ್ ಕೂತು ಕುಡಿಯುತ್ತಿದ್ದದ್ದು ಇದೇ ಸಾಲಿನ ಹ್ಯಾರೀಸ್ ಬಾರಿನಲ್ಲಿ. ಭಾವನಿಗೆ ಈ ಕತೆ ಹೇಳಿ, ಬಿಯರ್ ಇಲ್ಲದೆಯೂ ಹತ್ತು ನಿಮಿಷ ಕಳೆಯುತ್ತದೆ. ಮೀನಿನ ಹೋಟೆಲಿನವರು ಮೆನು ಹಿಡಿದು ಅಡ್ಡ ಬಂದು ಕರೆಯುವುದೂ ಇಲ್ಲೇ. ನಗುತ್ತಾ ಮುಂದೆ ಹೋಗಿ. ದರದ ಜಾಗದಲ್ಲಿ ಮಾರ್ಕೆಟ್ ಬೆಲೆ ಅಂತ ಬರೆದದ್ದನ್ನು ಕೇಳದೆ ಆರ್ಡರ್ ಮಾಡಬೇಡಿ. ಅಕ್ಕ ಹೇಗೂ ಮೂಗು ಮುಚ್ಚಿರುತ್ತಾರೆ, ಬೇಗ ದಾಟುತ್ತೀರಿ.

ಸಾಲಿನ ತುದಿಯಲ್ಲಿ ಕ್ಯಾವೆನಾ ಸೇತುವೆ, 1869ರದ್ದು. ಈಗ ನಡೆಯುವವರಿಗೆ ಮಾತ್ರ. ಅದರ ತುದಿಯಲ್ಲೊಂದು ಹಳೆಯ ಫಲಕ ಇದೆ: ಭಾರದ ಗಾಡಿಗಳು, ದನಗಳು, ಕುದುರೆಗಳು ಈ ಸೇತುವೆ ಮೇಲೆ ಹೋಗುವ ಹಾಗಿಲ್ಲ ಅಂತ. ಬೆನ್ನ ಹಿಂದೆ ಅಷ್ಟೆತ್ತರದ ಬ್ಯಾಂಕುಗಳು, ಕಣ್ಣ ಮುಂದೆ ದನಕ್ಕೆ ಪ್ರವೇಶ ಇಲ್ಲ. ನನಗೆ ಈ ಊರಿನಲ್ಲಿ ತುಂಬಾ ಇಷ್ಟದ ಬೋರ್ಡ್ ಅದು. ಸೇತುವೆ ದಾಟದೆ ಅದೇ ದಡದಲ್ಲಿ ಮುಂದೆ ಹೋದರೆ ಫುಲರ್ಟನ್ ಹೋಟೆಲ್, ಸಿಂಹದ ತಲೆ ಮೀನಿನ ಮೈಯ ಮರ್ಲಯನ್ ಮೂರ್ತಿ, ಅಲ್ಲಿಂದ ಇನ್ನೊಂದು ಸೇತುವೆ ಮೇಲೆ ಎಸ್ಪ್ಲನೇಡ್ ಅನ್ನುವ ರಂಗಮಂದಿರ. ಎಲ್ಲ ಸೇರಿ ನಿಧಾನಕ್ಕೆ ಮುಕ್ಕಾಲು ಗಂಟೆ ನಡಿಗೆ.

ಶನಿವಾರಕ್ಕೆ ನಾನು ಹೇಳುವುದು ರ‍್ಯಾಫಲ್ಸ್ ಹೋಟೆಲಿನ ಲಾಂಗ್ ಬಾರ್. 1887ರ ಹೋಟೆಲ್. ಸಿಂಗಾಪುರ್ ಸ್ಲಿಂಗ್ ಅನ್ನುವ ಪಾನೀಯ ಹುಟ್ಟಿದ್ದು ಅಲ್ಲಿ. 1915ರಲ್ಲಿ ನ್ಯಾಮ್ ಟಾಂಗ್ ಬೂನ್ ಅನ್ನುವ ಬಾರ್‌ಟೆಂಡರ್ ಮಾಡಿದ್ದು ಅಂತ ಹೋಟೆಲಿನವರು ಹೇಳುತ್ತಾರೆ. ಆ ಕಾಲದಲ್ಲಿ ಹೆಂಗಸರು ನಾಲ್ಕು ಜನರ ಎದುರು ಕುಡಿಯುವ ಹಾಗಿರಲಿಲ್ಲವಂತೆ. ನೋಡುವುದಕ್ಕೆ ಹಣ್ಣಿನ ರಸದ ಹಾಗೆ ಕಾಣಲಿ ಅಂತ ಜಿನ್ನಿಗೆ ಅನಾನಸ್ ರಸ, ಚೆರಿ ಲಿಕರ್ ಎಲ್ಲ ಬೆರೆಸಿ ಗುಲಾಬಿ ಬಣ್ಣ ಬರಿಸಿದನಂತೆ. ಒಂದು ಗ್ಲಾಸಿಗೆ ಆ ಎರಡು ಪ್ಲಸ್ ಸೇರಿ 40 ಡಾಲರ್ ದಾಟುತ್ತದೆ. ನನ್ನ ನಾಲಿಗೆಗೆ ಅದು ಜಾಸ್ತಿ ಸಿಹಿ. ಆದರೂ ಎಲ್ಲರನ್ನೂ ಕರೆದುಕೊಂಡು ಹೋಗುತ್ತೇನೆ, ಕಾರಣ ಕಡಲೆಕಾಯಿ.

ಅಲ್ಲಿ ಟೇಬಲ್ ಮೇಲೆ ಗೋಣಿಚೀಲದ ತುಂಬಾ ಕಡಲೆಕಾಯಿ ಇಟ್ಟಿರುತ್ತಾರೆ, ಅದಕ್ಕೆ ದುಡ್ಡಿಲ್ಲ. ಒಡೆದು ತಿಂದು ಸಿಪ್ಪೆಯನ್ನು ನೆಲಕ್ಕೇ ಬಿಸಾಡಬೇಕು, ಅದೇ ಅಲ್ಲಿಯ ಪದ್ಧತಿ. ಕಾಲಿಟ್ಟರೆ ಚರಚರ ಅನ್ನುತ್ತದೆ. ನಮ್ಮ ಸೋದರಮಾವ ಬಂದಿದ್ದಾಗ ವಿಮಾನ ಇಳಿದ ಕೂಡಲೇ ಅವರಿಗೆ ಪಾಠ ಹೇಳಿದ್ದೆ: ಮಾವ, ಇಲ್ಲಿ ಬೀದಿಯಲ್ಲಿ ಒಂದು ಚೂರು ಕಾಗದ ಎಸೆದರೂ ದಂಡ. ಲಾಂಗ್ ಬಾರಿನಲ್ಲಿ ನಾವೆಲ್ಲ ಸಿಪ್ಪೆ ಎಸೆಯುತ್ತಿದ್ದೇವೆ, ಮಾವ ಎಸೆಯುತ್ತಿಲ್ಲ. ಇಲ್ಲಿ ಎಸೆಯಬಹುದು ಅಂದೆ. ತಲೆ ಆಡಿಸಿದರು. ಮೇಲೆ ತಾಳೆ ಎಲೆಯಂಥ ಬೀಸಣಿಗೆಗಳು ಅತ್ತಿತ್ತ ತೂಗುತ್ತಿದ್ದವು, ಅದನ್ನೇ ನೋಡುತ್ತಾ ಕೂತರು. ರಾತ್ರಿ ಮನೆಗೆ ಬಂದು ಪಂಚೆ ಉಟ್ಟು, ಪ್ಯಾಂಟಿನ ಜೇಬಿನಿಂದ ಕರ್ಚೀಫ್ ತೆಗೆದು ಅಡುಗೆಮನೆಯ ಕಸದ ಬುಟ್ಟಿಗೆ ಬಿಚ್ಚಿದರು. ಅಷ್ಟೂ ಸಿಪ್ಪೆ ಕಟ್ಟಿಕೊಂಡು ಎಂಆರ್‌ಟಿಯಲ್ಲಿ ಪುಂಗೋಲ್‌ವರೆಗೆ ಬಂದಿದ್ದರು. ನಿನ್ನ ಗಂಡನ ಪರ್ಮಿಟ್ಟಿಗೆ ತೊಂದರೆ ಆಗಬಾರದಲ್ವಾ ಅಂದರು.

ಶನಿವಾರ ಸಂಜೆ ಅಲ್ಲಿ ಕ್ಯೂ ಇರುತ್ತದೆ. ಮಧ್ಯಾಹ್ನ ಮೂರು, ಮೂರೂವರೆಗೆ ಹೋಗಿ. ನಾಲ್ಕು ಜನ ಸೇರಿ ಎರಡು ಸ್ಲಿಂಗ್ ಹೇಳಿದರೆ ಸಾಕು. ಮದ್ಯ ಇಲ್ಲದ್ದೂ ಕೊಡುತ್ತಾರೆ, ಕೇಳಿ.

ಇನ್ನು ಎತ್ತರದ ಬಾರ್. ಎಲ್ಲರೂ ಮರೀನಾ ಬೇ ಸ್ಯಾಂಡ್ಸ್ ಮೇಲೆ ಹತ್ತಬೇಕು ಅನ್ನುತ್ತಾರೆ. ಮೂರು ಗೋಪುರದ ಮೇಲೆ ದೋಣಿ ಇಟ್ಟ ಹಾಗಿದೆಯಲ್ಲ, ಅದೇ. ಮೇಲೆ 57ನೇ ಮಹಡಿಯಲ್ಲಿ ಬಾರ್ ಇದೆ, ಈಜುಕೊಳ ಮಾತ್ರ ಅಲ್ಲಿ ರೂಮ್ ಮಾಡಿದವರಿಗೇ. ನಾನು ಹೇಳುವುದು ಇಷ್ಟೇ, ಆ ದೋಣಿ ಹತ್ತಿದರೆ ದೋಣಿ ಕಾಣುವುದಿಲ್ಲ. ನಿಮ್ಮ ಹೆಂಡತಿಯ ಫೋಟೊದಲ್ಲಿ ಅದೇ ಇರಬೇಕಲ್ವಾ? ಹಾಗಾದರೆ ಎದುರು ದಡಕ್ಕೆ ಹೋಗಿ. ಲೆವೆಲ್ 33 ಅಂತ ಇದೆ, ಮರೀನಾ ಬೇ ಫೈನಾನ್ಷಿಯಲ್ ಸೆಂಟರಿನ 33ನೇ ಮಹಡಿಯಲ್ಲಿ. ಅಲ್ಲೇ ಬಿಯರ್ ಕುದಿಸಿ ತಯಾರಿಸುತ್ತಾರೆ, ತಾಮ್ರದ ದೊಡ್ಡ ದೊಡ್ಡ ಹಂಡೆಗಳು ಎದುರಿಗೇ ಕಾಣುತ್ತವೆ. ಭಾವನಿಗೆ ಹಂಡೆ, ಹೆಂಡತಿಗೆ ದೋಣಿ. ಇನ್ನೂ ಸ್ವಲ್ಪ ಕೆಳಗೆ ಸಾಕು ಅಂದರೆ ನ್ಯಾಷನಲ್ ಗ್ಯಾಲರಿಯ ಆರನೇ ಮಹಡಿಯಲ್ಲೊಂದು ಬಾರ್ ಇದೆ, ಹಳೆಯ ಸುಪ್ರೀಂ ಕೋರ್ಟ್ ಕಟ್ಟಡ ಅದು. ಎದುರಿಗೆ ಹಸಿರು ಮೈದಾನ, ಅದರಾಚೆ ಕೊಲ್ಲಿ. ಎರಡಕ್ಕೂ ಮೊದಲೇ ಬುಕ್ ಮಾಡಿ, ಹೊರಗಡೆಯ ಟೇಬಲ್ ಅಂತ ಒತ್ತಿ ಹೇಳಿ. ಕೆಲವು ಎತ್ತರದ ಬಾರುಗಳಲ್ಲಿ ಲಿಫ್ಟ್ ಹತ್ತುವ ಮೊದಲೇ ದುಡ್ಡು ಕಟ್ಟಿಸಿಕೊಂಡು, ಆಮೇಲೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಅದನ್ನೂ ಬುಕ್ ಮಾಡುವಾಗಲೇ ಕೇಳಿ.

ಆರೂವರೆಗೆ ಅಲ್ಲಿ ಕೂತಿರಬೇಕು. ಇಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಏಳರ ಹೊತ್ತಿಗೆ. ಬೆಳಕಿದ್ದಾಗ ಒಂದು ಫೋಟೊ, ದೀಪ ಹತ್ತಿದ ಮೇಲೆ ಒಂದು ಫೋಟೊ. ಎಂಟಕ್ಕೆ ಸ್ಯಾಂಡ್ಸ್ ಮುಂದೆ ನೀರಿನ ಮೇಲೆ ಬೆಳಕಿನ ಆಟ ಶುರುವಾಗುತ್ತದೆ, ಒಂದು ಪೈಸೆ ಕೊಡದೆ ಮೇಲಿನಿಂದಲೇ ನೋಡಬಹುದು.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ರಾತ್ರಿ 10:30ರಿಂದ ಬೆಳಿಗ್ಗೆ 7ರವರೆಗೆ ರಸ್ತೆ, ಪಾರ್ಕು, ನದಿ ದಡ, ಎಲ್ಲೂ ಬಾಟಲಿ ಹಿಡಿದು ಕುಡಿಯುವ ಹಾಗಿಲ್ಲ. ಅಂಗಡಿಯಲ್ಲಿ ಪಾರ್ಸೆಲ್ ಮಾರುವ ಹಾಗೂ ಇಲ್ಲ. ಕುಡಿದು ಸಿಕ್ಕಿಬಿದ್ದರೆ 1000 ಡಾಲರ್‌ವರೆಗೆ ದಂಡ. ಬಾರಿನ ಒಳಗೆ ಅವರ ಲೈಸೆನ್ಸ್ ಇರುವಷ್ಟು ಹೊತ್ತು ಕುಡಿಯಬಹುದು. ನಾನು ಬಂದ ಹೊಸದರಲ್ಲಿ ಕ್ಲಾರ್ಕ್ ಕೀಯ ರೀಡ್ ಸೇತುವೆ ಮೇಲೆ ಹುಡುಗ ಹುಡುಗಿಯರು ಅಂಗಡಿಯ ಕ್ಯಾನ್ ಹಿಡಿದು ನೆಲದ ಮೇಲೇ ಕೂತು ಗಿಟಾರ್ ಬಾರಿಸುತ್ತಿದ್ದರು. ದಾಟಬೇಕಾದರೆ ಕಾಲುಗಳ ಮಧ್ಯೆ ಜಾಗ ಹುಡುಕಬೇಕಿತ್ತು. 2015ರ ಏಪ್ರಿಲ್ಲಿನಲ್ಲಿ ಕಾಯ್ದೆ ಬಂತು, ಸೇತುವೆ ಖಾಲಿ ಆಯಿತು. ನಿಮ್ಮ ಹೋಟೆಲ್ ಇರುವ ಲಿಟಲ್ ಇಂಡಿಯಾದಲ್ಲಿ ಇನ್ನೂ ಬಿಗಿ. 2013ರ ಡಿಸೆಂಬರಿನಲ್ಲಿ ಅಲ್ಲಿ ಗಲಭೆ ಆಗಿತ್ತು. ಆ ಕಾರಣಕ್ಕೆ ಶನಿವಾರ ಬೆಳಿಗ್ಗೆ 7ರಿಂದ ಸೋಮವಾರ ಬೆಳಿಗ್ಗೆ 7ರವರೆಗೆ ಹೊರಗಡೆ ಕುಡಿಯುವುದು ಪೂರ್ತಿ ಬಂದ್, ಹಗಲೂ ಸೇರಿ. ಭಾವ ಹೋಟೆಲಿನ ಕೆಳಗೆ ಬೆಂಚಿನ ಮೇಲೆ ಕೂತು ಒಂದು ಕ್ಯಾನ್ ತೆಗೆಯೋಣ ಅಂದರೆ ಬೇಡ ಅನ್ನಿ.

ಎಂಆರ್‌ಟಿ ಹನ್ನೆರಡರ ಸುಮಾರಿಗೆ ನಿಲ್ಲುತ್ತದೆ. ಟ್ಯಾಕ್ಸಿಯಲ್ಲಿ ಹನ್ನೆರಡರಿಂದ ಆರರವರೆಗೆ ಮೀಟರಿನ ಮೇಲೆ ಅರ್ಧ ಜಾಸ್ತಿ. ಹನ್ನೊಂದೂವರೆಗೆ ಎದ್ದುಬಿಡಿ.


ಬೆಣ್ಣೆದೋಸೆ:

ಪದ್ದಕ್ಕ, ಇಷ್ಟೊಂದು ಬರೆದದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ. ಸೋದರಮಾವನ ಕತೆ ಮನೆಯಲ್ಲಿ ಜೋರಾಗಿ ಓದಿದೆ, ಅಕ್ಕ ಕಣ್ಣೀರು ಬರುವಷ್ಟು ನಕ್ಕಳು. ಎರಡು ಪ್ರಶ್ನೆ ಉಳಿದಿವೆ. ಭಾವ ಕ್ವಾಲಾಲಂಪುರದಲ್ಲಿ ಒಂದು ವಿಸ್ಕಿ ಬಾಟಲಿ ತಗೊಂಡು ಬ್ಯಾಗಿನಲ್ಲಿ ತರುತ್ತೇನೆ ಅನ್ನುತ್ತಿದ್ದಾರೆ, ಬಾರಿನ ಖರ್ಚು ಉಳಿಯುತ್ತದೆ ಅಂತ. ಒಂದು ಬಾಟಲಿ ಫ್ರೀ ಅಲ್ವಾ? ಮತ್ತೆ, ಅವರು ಎಲ್ಲಿಗೆ ಹೋದರೂ ಬರ್ಮುಡಾ ಚಡ್ಡಿ, ಚಪ್ಪಲಿ. ನಡೆಯುತ್ತದಾ?


ನೈಟ್ ಶಿಫ್ಟ್:

ಬಾಟಲಿ ವಿಷಯ ನಾನು ಹೇಳುತ್ತೇನೆ, ನನ್ನ ಕೆಲಸ ಚಾಂಗಿ ವಿಮಾನ ನಿಲ್ದಾಣದಲ್ಲಿ, ದಿನಾ ಇದೇ ಗೋಳು ನೋಡುತ್ತೇನೆ. ಮಲೇಷ್ಯಾದಿಂದ ಬರುವವರಿಗೆ ಮದ್ಯದ ಮೇಲೆ ಸುಂಕದ ರಿಯಾಯಿತಿ ಇಲ್ಲ. ಒಂದು ಬಾಟಲಿಯೂ ಇಲ್ಲ. ಬೇರೆ ದೇಶದಿಂದ ಬಂದರೆ, 48 ಗಂಟೆ ಸಿಂಗಾಪುರದ ಹೊರಗಿದ್ದು, 18 ವರ್ಷ ದಾಟಿದ್ದರೆ, ಒಟ್ಟು 2 ಲೀಟರ್‌ವರೆಗೆ ತರಬಹುದು. ಅದರಲ್ಲಿ ವಿಸ್ಕಿಯಂಥದ್ದು 1 ಲೀಟರ್ ಮಾತ್ರ, ಉಳಿದದ್ದು ವೈನ್ ಅಥವಾ ಬಿಯರ್. ನಿಮ್ಮ ಭಾವ ಬಸ್ಸಿನಲ್ಲಿ ಗಡಿ ದಾಟುವಾಗ ಬಾಟಲಿ ಇದ್ದರೆ ಕೆಂಪು ದಾರಿಗೆ ಹೋಗಿ ತೋರಿಸಿ, ಸುಂಕ ಕಟ್ಟಬೇಕು. ಇಲ್ಲಿಯ ಸುಂಕ ಕಟ್ಟಿದ ಮೇಲೆ ಅಗ್ಗ ಅನ್ನುವ ಮಾತೇ ಉಳಿಯುವುದಿಲ್ಲ.

ಭಾವ ಸಿಗರೇಟ್ ಸೇದುತ್ತಾರಾ? ಅದಕ್ಕೆ ಎಲ್ಲಿಂದ ಬಂದರೂ ರಿಯಾಯಿತಿ ಇಲ್ಲ, ಒಡೆದ ಪ್ಯಾಕಿಗೂ ಲೆಕ್ಕ. ವೇಪ್, ಅಂದರೆ ಇ-ಸಿಗರೇಟ್, ಇದ್ದರೆ ಮನೆಯಲ್ಲೇ ಬಿಟ್ಟು ಬರಲಿ. ಇಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ.


ಒಬ್ಬಳೇ ಹೊರಟೆ:

ಭಯದ ಬಗ್ಗೆ ಕೇಳಿದ್ದಿರಿ. ನಾನು ಹೋದ ವರ್ಷ ಒಬ್ಬಳೇ ಐದು ದಿನ ಇದ್ದೆ. ರಾತ್ರಿ ಹನ್ನೆರಡಕ್ಕೆ ಬುಗಿಸ್‌ನಿಂದ ಲಿಟಲ್ ಇಂಡಿಯಾಕ್ಕೆ ನಡೆದೇ ಬಂದಿದ್ದೇನೆ. ಯಾರೂ ತಿರುಗಿ ಕೂಡ ನೋಡಲಿಲ್ಲ. ನನ್ನ ಅಮ್ಮನಿಗೆ ಇದನ್ನು ಹೇಳಿಲ್ಲ.

ಹಾಡು ಕೇಳುವ ಆಸೆ ಇರುವವರಿಗೆ ಎರಡು ಜಾಗ. ಒಂದು ಎಸ್ಪ್ಲನೇಡ್, ಹಲಸಿನ ಹಣ್ಣಿನ ಹಾಗೆ ಮುಳ್ಳುಮುಳ್ಳಾಗಿ ಕಾಣುತ್ತದಲ್ಲ, ಅಲ್ಲಿಯವರು ಡುರಿಯನ್ ಅನ್ನುತ್ತಾರೆ. ನೀರಿನ ಪಕ್ಕದ ಬಯಲು ವೇದಿಕೆಯಲ್ಲಿ ವಾರಾಂತ್ಯ ಸಂಜೆ ಉಚಿತ ಕಾರ್ಯಕ್ರಮ ಇರುತ್ತದೆ. ನಾನು ಹೋದ ದಿನ ನಾಲ್ಕು ಕಾಲೇಜು ಹುಡುಗರು ಮಲಯ್ ಹಾಡು ಹೇಳುತ್ತಿದ್ದರು, ಒಂದು ಪದ ಅರ್ಥವಾಗದೆ ಎರಡು ಗಂಟೆ ಕೂತಿದ್ದೆ. ಮೇಲೆ ತಾರಸಿಗೂ ಹತ್ತಬಹುದು, ದುಡ್ಡಿಲ್ಲ, ಕೊಲ್ಲಿ ಪೂರ್ತಿ ಕಾಣುತ್ತದೆ. ಬುಕಿಂಗ್ ಸಿಗದಿದ್ದರೆ ಫೋಟೊಗೆ ಅದೇ ಸಾಕು.

ಇನ್ನೊಂದು ಹಾಜಿ ಲೇನ್. ಕೈ ಚಾಚಿದರೆ ಎರಡೂ ಗೋಡೆ ಮುಟ್ಟಬಹುದೇನೋ ಅನ್ನಿಸುವಷ್ಟು ಇಕ್ಕಟ್ಟಿನ ಬೀದಿ. ಗೋಡೆ ತುಂಬಾ ಚಿತ್ರ, ಹೊರಗೆ ಮೇಜು, ಯಾರಾದರೂ ಗಿಟಾರ್ ಹಿಡಿದು ಹಾಡುತ್ತಿರುತ್ತಾರೆ. ಸುಲ್ತಾನ್ ಮಸೀದಿ ಅಲ್ಲೇ ಹತ್ತಿರ. ಕುಡಿಯದವರನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಚಪ್ಪಲಿಗೆ ಉತ್ತರ: ಹಾಜಿ ಲೇನ್‌ನಲ್ಲಿ ನಡೆಯುತ್ತದೆ. ಅಲ್ಲಿಂದ ಐದಾರು ನಿಮಿಷ ದೂರದ ಪಾರ್ಕ್‌ವ್ಯೂ ಸ್ಕ್ವೇರ್‌ನಲ್ಲಿ ಅಟ್ಲಾಸ್ ಅಂತ ಬಾರ್ ಇದೆ, ಅಲ್ಲಿ ನಡೆಯುವುದಿಲ್ಲ. ಬಾಗಿಲಿನಲ್ಲೇ ಕಾಲು ನೋಡುತ್ತಾರೆ. ಒಳಗೆ ಚಿನ್ನದ ಬಣ್ಣದ ಒಂದು ಗೋಪುರ, ಅದರ ತುಂಬಾ ಜಿನ್ ಬಾಟಲಿಗಳು, ಸಾವಿರಕ್ಕೂ ಹೆಚ್ಚು ಬಗೆ. ನಾನು ಒಂದು ಲೋಟ ಚಹಾ ಕುಡಿದು ಚಾವಣಿ ನೋಡಿಕೊಂಡು ಬಂದೆ. ಭಾವನಿಗೆ ಒಂದು ಜೊತೆ ಶೂ ಹಾಕಿಸಿ.


ಪದ್ದಕ್ಕ ಪುಂಗೋಲ್:

ಹೌದು, ಮುಚ್ಚಿದ ಶೂ, ಉದ್ದ ಪ್ಯಾಂಟ್. ಮತ್ತೆ ಪಾಸ್‌ಪೋರ್ಟಿನ ಫೋಟೊ ಮೊಬೈಲಿನಲ್ಲಿರಲಿ, ನಿಮ್ಮ ಹೆಂಡತಿ ಚಿಕ್ಕವರ ಹಾಗೆ ಕಂಡರೆ ಬಾಗಿಲಿನಲ್ಲಿ ವಯಸ್ಸು ಕೇಳಬಹುದು.

ವಿಸ್ಕಿ ಬಾಟಲಿ ಇಲ್ಲ ಅಂತ ಭಾವ ಬೇಜಾರು ಮಾಡಿಕೊಳ್ಳುವುದು ಬೇಡ. ಶುಕ್ರವಾರ ನದಿ ದಡದಲ್ಲಿ ಒಂದೇ ಗ್ಲಾಸ್ ಕುಡಿಸಿ ಲಾವ್ ಪಾ ಸಾತ್‌ಗೆ ಕರೆದುಕೊಂಡು ಹೋಗಿ. ಎಂಟು ಮೂಲೆಯ, ಬೀಡು ಕಬ್ಬಿಣದ ಕಂಬಗಳ ಹಳೆಯ ಮಾರ್ಕೆಟ್ಟು, ಈಗ ಊಟದ ಅಂಗಡಿಗಳು. ಸಂಜೆ ಏಳರ ಮೇಲೆ ಪಕ್ಕದ ರಸ್ತೆಗೆ ಗಾಡಿ ಬಿಡುವುದಿಲ್ಲ, ಡಾಂಬರಿನ ಮೇಲೇ ಮೇಜು ಹಾಕಿ ಕೆಂಡದ ಮೇಲೆ ಸಾಟೆ, ಅಂದರೆ ಕಡ್ಡಿಗೆ ಚುಚ್ಚಿದ ಮಾಂಸದ ತುಂಡು, ಸುಡುತ್ತಾರೆ. ಬಿಯರ್ ಮಾರುವ ಆಂಟಿ ತಾನೇ ಬಂದು ಕೇಳುತ್ತಾಳೆ. ಟೈಗರ್ ದೊಡ್ಡ ಬಾಟಲಿ, ಐಸ್ ತುಂಬಿದ ಮಗ್. ನದಿ ದಡದ ಒಂದು ಪೈಂಟಿನ ಅರ್ಧ ದುಡ್ಡಿಗೆ ಅದಕ್ಕಿಂತ ಜಾಸ್ತಿ ಬಿಯರ್, ಆ ಎರಡು ಪ್ಲಸ್ ಕಾಟವೂ ಇಲ್ಲ. ಹೊಗೆಯಲ್ಲಿ ಮಾಂಸದ ವಾಸನೆ ಜೋರು. ಅಕ್ಕನನ್ನು ಒಳಗೆ ಕೂರಿಸಿ, ಇಂಡಿಯನ್ ಅಂಗಡಿಗಳಿವೆ.

ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಒಂದೇ ಬಿದ್ದಿದ್ದರೆ ಯಾರೋ ಮರೆತು ಹೋಗಿದ್ದಾರೆ ಅಂತ ಕೂರಬೇಡಿ. ಆ ಜಾಗ ಹಿಡಿದಾಗಿದೆ ಅಂತ ಅರ್ಥ. ಇಲ್ಲಿಯವರು ಅದಕ್ಕೆ ಚೋಪ್ ಅನ್ನುತ್ತಾರೆ. ನೀವೂ ಒಂದು ಪ್ಯಾಕೆಟ್ ಇಟ್ಟುಕೊಳ್ಳಿ. ತಿಂದಾದ ಮೇಲೆ ತಟ್ಟೆ ಲೋಟ ನೀವೇ ಎತ್ತಿ ಇಡಬೇಕು, ಅದೂ ಈಗ ಕಾನೂನೇ.

ರಾತ್ರಿ ಹೊಟ್ಟೆ ಹಸಿದರೆ ಪ್ರಾಟಾ ಅಂಗಡಿಗಳು ತೆರೆದಿರುತ್ತವೆ, ಕೆಲವು ಬೆಳಗಿನವರೆಗೂ. ನಮ್ಮ ಪರೋಟಾನೇ. ಪ್ರಾಟಾ ಕೊಸೊಂಗ್ ಅನ್ನಿ, ಅಂದರೆ ಒಳಗೆ ಏನೂ ಇಲ್ಲದ್ದು. ಜೊತೆಗೆ ಕೊಡುವ ಸಾರು ಹೆಚ್ಚಾಗಿ ಮೀನಿನದ್ದೋ ಮಟನ್ನಿನದ್ದೋ ಇರುತ್ತದೆ, ಬೇಳೆಯದು ಬೇಕು ಅಂತ ಮೊದಲೇ ಹೇಳಬೇಕು. ಶುಂಠಿ ಹಾಕಿದ ಚಹಾಕ್ಕೆ ತೇ ಹಲಿಯಾ. ಅದನ್ನು ಕುಡಿದು ಮಲಗಿ.


ಬೆಣ್ಣೆದೋಸೆ:

ಹೋಗಿ ಬಂದೆವು. ಬರೆಯುವುದು ತಡವಾಯಿತು, ಕ್ಷಮಿಸಿ.

ಲೆವೆಲ್ 33ರಲ್ಲಿ ಹೊರಗಿನ ಟೇಬಲ್ ಸಿಕ್ಕಿತು. ಏಳು ಗಂಟೆಗೆ ಸರಿಯಾಗಿ ಮಳೆ ಹೊಡೆಯಿತು, ಎಲ್ಲರನ್ನೂ ಒಳಗೆ ಓಡಿಸಿದರು. ಇಪ್ಪತ್ತು ನಿಮಿಷಕ್ಕೆ ನಿಂತಿತು. ನೆಲವೆಲ್ಲ ಒದ್ದೆಯಾಗಿ ಎದುರು ದಡದ ದೀಪ ಕಾಲ ಕೆಳಗೂ ಹೊಳೆಯುತ್ತಿತ್ತು. ಹೆಂಡತಿಯ ಫೋಟೊ ಮಳೆ ಇಲ್ಲದಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಲಾಂಗ್ ಬಾರಿಗೆ ನಾವು ಹೋದದ್ದು ಐದು ಗಂಟೆಗೆ, ಪದ್ದಕ್ಕನ ಮಾತು ಕೇಳದೆ. ಮುಕ್ಕಾಲು ಗಂಟೆ ಕ್ಯೂ. ಅಕ್ಕ ತನ್ನ ಸ್ಲಿಂಗ್ ಪೂರ್ತಿ ಮುಗಿಸಿ ಭಾವನದ್ದನ್ನೂ ಅರ್ಧ ಕುಡಿದಳು. ಹಣ್ಣಿನ ರಸದ ಹಾಗಿದೆ, ಏನೂ ಆಗುವುದಿಲ್ಲ ಅಂದಳು. ಎದ್ದು ನಿಂತ ಮೇಲೆ ಕುರ್ಚಿ ಹಿಡಿದುಕೊಂಡಳು.

ಲಾವ್ ಪಾ ಸಾತ್‌ನಲ್ಲಿ ಭಾವ ತಟ್ಟೆ ಬಿಟ್ಟು ಹೊರಟರು. ಪಕ್ಕದ ಮೇಜಿನ ಚೀನೀ ಅಜ್ಜ ಒಂದೂ ಮಾತಾಡದೆ ಬೆರಳಲ್ಲಿ ಮೊದಲು ತಟ್ಟೆ, ಆಮೇಲೆ ತಟ್ಟೆ ಇಡುವ ಜಾಗ ತೋರಿಸಿದರು. ಭಾವ ಮನೆಯಲ್ಲಿ ಯಾವತ್ತೂ ಎತ್ತದ ತಟ್ಟೆಯನ್ನು ಅಲ್ಲಿ ಎತ್ತಿದರು.

ಇನ್ನು ಬಿಲ್. ಶುಕ್ರವಾರ ಬೋಟ್ ಕೀಯಲ್ಲಿ ನಡೆಯುವಾಗ, ಮುಂದಿನ ಸೇತುವೆಯಲ್ಲಿ ದನಕ್ಕೆ ಪ್ರವೇಶ ಇಲ್ಲ ಅಂತ ಬೋರ್ಡ್ ಇದೆ ಅಂದೆ. ಭಾವ ನಂಬಲಿಲ್ಲ. ಸಿಂಗಾಪುರದಲ್ಲಿ ದನವಾ, ಹಾಗೇನಾದರೂ ಇದ್ದರೆ ಎರಡು ದಿನದ ಬಾರ್ ಬಿಲ್ ನಂದೇ ಅಂದುಬಿಟ್ಟರು. ಅಕ್ಕ ಸಾಕ್ಷಿ. ಈಗ ಫಲಕದ ಪಕ್ಕ ಭಾವ ಮುಖ ಗಂಟು ಹಾಕಿ ನಿಂತ ಫೋಟೊ ನಮ್ಮ ಫ್ಯಾಮಿಲಿ ಗ್ರೂಪಿನ ಡಿಪಿ.